ಹಗುರ ಚೀಲದ ದಾಯಾದಿ

ನನ್ನ ಮೊಮ್ಮಗಳಿಗೆ ಫಾರೆಸ್ಟ್ ಗಾರ್ಡ್ ಕೆಲಸ ಆಯ್ತು ಕಣ್ರಪ್ಪ! ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಕೇಳಿಸಿಕೊಳ್ಳಿ. ನೆನ್ನೆ ಬೆಳಗ್ಗೆ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದೆ. ಒಳಗಿಂದ ಫೋನು ಹಿಡಿದುಕೊಂಡು ಓಡಿಬಂದಳು. "ಅಜ್ಜೀ, ಆಯ್ತು ಕಣಜ್ಜೀ, ನನ್ ಹೆಸ್ರು ಬಂದದೆ" ಅಂದವಳೇ ನನ್ನನ್ನು ಮೊರದ ಸಮೇತ ಎತ್ತಿ ತಿರುಗಿಸಿಬಿಟ್ಟಳು. ರಾಗಿಯೆಲ್ಲ ಅಂಗಳದ ಪಾಲಾಯಿತು, ಕೋಳಿಗಳಿಗೆ ಹಬ್ಬವಾಯಿತು. ಬೈಯಬೇಕು ಅಂತ ಅನ್ನಿಸಲೇ ಇಲ್ಲ. ನಮ್ಮ ವಂಶದಲ್ಲಿ ಸರ್ಕಾರದ ಕೆಲಸಕ್ಕೆ ಹೋಗುವವಳು ಇವಳೇ ಮೊದಲು. ಅದೂ ಓಡಿ ಗೆದ್ದ ಕೆಲಸ! ಮೈದಾನದಲ್ಲಿ ಸುತ್ತು ಹೊಡೆಸಿ, ಓಡಲಾಗದವರನ್ನೆಲ್ಲ ಮನೆಗೆ ಕಳಿಸಿದರಂತೆ. ನಮ್ಮ ಹುಡುಗಿ ಹಿಂದೆ ತಿರುಗಿಯೂ ನೋಡಲಿಲ್ಲವಂತೆ. ಎಚ್.ಡಿ. ಕೋಟೆ ಕಾಡಿನ ಕಡೆಗೆ ಹಾಕಬಹುದು ಅನ್ನುತ್ತಾರೆ. ಎಲ್ಲಿಗಾದರೂ ಹಾಕಲಿ. ಕೇರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಹಾಲಿನ ಡೈರಿಯಲ್ಲಿ ಹೇಳಿದೆ, ಹೇಳಿದವರಿಗೇ ಇನ್ನೊಂದು ಸಲ ಹೇಳಿದೆ...

ಟ್ರೇನಿಂಗಿಗೆ ಹೋಗಲು ಚೀಲ ಬೇಕು ಅಂತ ಮಧ್ಯಾಹ್ನ ಅವಳ ಜೊತೆ ನಾನೂ ಹುಣಸೂರಿಗೆ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ಬೆನ್ನಿಗೆ ಹಾಕುವ ಚೀಲವೊಂದನ್ನು ಇಳಿಸಿ ನನ್ನ ಕೈಗೇ ಕೊಟ್ಟ. "ಹಿಡ್ಕೊಂಡ್ ನೋಡಿ ಅಜ್ಜಿ, ಕೈಲಿ ಚೀಲ ಅದೆ ಅಂತಾನೇ ಗೊತ್ತಾಗಲ್ಲ" ಅಂದ. ಕೈಗೆ ಗೊತ್ತಾಗಲಿಲ್ಲ, ನಿಜ. ಈರುಳ್ಳಿ ಸಿಪ್ಪೆ ಹಿಡಿದ ಹಾಗಿತ್ತು. ಮೂಗಿಗೆ ಮಾತ್ರ ಗೊತ್ತಾಯಿತು. ಹೊಸ ರೇನ್‌ಕೋಟು ಬಿಚ್ಚಿದಾಗ ಬರುತ್ತದಲ್ಲ, ಆ ವಾಸನೆ. ಅಷ್ಟು ಸಂತೋಷದ ದಿನದಲ್ಲಿ, ಜನ ತುಂಬಿದ ಅಂಗಡಿಯಲ್ಲಿ, ನನ್ನ ಮೈ ಉರಿದುಹೋಯಿತು. ಸತ್ತುಹೋದ ನಮ್ಮ ದಾಯಾದಿ ಎದ್ದುಬಂದು ಎದುರಿಗೆ ನಿಂತ ಹಾಗಾಯಿತು. ಅವನ ಮೈಯಿಂದ ಯಾವಾಗಲೂ ಇದೇ ವಾಸನೆ ಹೊಡೆಯುತ್ತಿತ್ತು.

ಅವನು ನನ್ನ ಗಂಡನ ಚಿಕ್ಕಪ್ಪನ ಮಗ. ವರಸೆಯಲ್ಲಿ ನನಗೆ ಮೈದುನ. ನಾನು ಸೊಸೆಯಾಗಿ ಬಂದಾಗ ಎಲ್ಲರದ್ದೂ ಒಂದೇ ಮನೆ, ಒಂದೇ ಒಲೆ. ಆಮೇಲೆ ಪಾಲಾಯಿತು. ನಡುಮನೆಗೆ ಅಡ್ಡಲಾಗಿ ಮಣ್ಣಿನ ಗೋಡೆ ಎದ್ದಿತು. ಆ ಕಡೆ ಅರ್ಧ ಅವನಿಗೆ, ಈ ಕಡೆ ಅರ್ಧ ನಮಗೆ. ಬಚ್ಚಲು ನಮ್ಮ ಪಾಲಿಗೆ ಬಂತು, ಅದರ ನೀರು ಹೋಗುವ ದಾರಿ ಮಾತ್ರ ಅವನ ಬಾಗಿಲ ಮುಂದೆಯೇ ಉಳಿಯಿತು. ಅಷ್ಟು ಸಾಕಾಯಿತು ನೋಡಿ. ನಾವು ಸ್ನಾನ ಮಾಡಿದಾಗೆಲ್ಲ ಅವನು ಬಾಗಿಲಲ್ಲಿ ನಿಂತು ಕೂಗುವುದು, ನಾನು ಬೇಕೆಂದೇ ಇನ್ನೊಂದು ಬಿಂದಿಗೆ ನೀರು ಸುರಿಯುವುದು. ನನ್ನ ಗಂಡ ತೀರಿಕೊಂಡ ವರ್ಷ, ಇನ್ನೇನು ಕೇಳುವವರಿಲ್ಲ ಅಂತ ಒಂದು ದಿನ ಕಲ್ಲು ಮಣ್ಣು ತಂದು ನಮ್ಮ ಬಚ್ಚಲ ಕಂಡಿಯನ್ನೇ ಮುಚ್ಚಿಬಿಟ್ಟ. ಬಚ್ಚಲು ಕೆರೆಯಾಯಿತು. ಜಗಳ ಊರಮ್ಮನ ಗುಡಿಗೆ ಹೋಯಿತು, ಊರವರು ಕಂಡಿಯನ್ನೇನೋ ತೆಗೆಸಿದರು. ಅಲ್ಲಿ ಅವನು ಕರ್ಪೂರ ಹಚ್ಚಿ, ಇವರ ಹೊಸಲು ತುಳಿಯಲ್ಲ, ಇವಳ ಜೊತೆ ಮಾತಾಡಲ್ಲ ಅಂತ ಆಣೆ ಇಟ್ಟ. ನಾನು ಸುಮ್ಮನಿರುತ್ತೇನೆಯೇ? ಅವನು ಹಚ್ಚಿದ ಕರ್ಪೂರ ಆರುವುದಕ್ಕೆ ಮೊದಲೇ ನಾನೂ ಅದೇ ಆಣೆ ಇಟ್ಟೆ. ನಮ್ಮ ಕಡೆ ಅಮ್ಮನ ಮುಂದೆ ಇಟ್ಟ ಆಣೆ ಅಂದರೆ ಆಣೆ. ಮಕ್ಕಳಿಗೆ ಅದು ಅಂಟುವುದಿಲ್ಲ. ಅದಕ್ಕೇ ಮೊಮ್ಮಗಳು ಹುಟ್ಟಿ ಮಾತು ಕಲಿತ ಮೇಲೆ, ನಾವಿಬ್ಬರೂ ಬೈದಾಡುವುದಕ್ಕೆ ಅವಳೊಬ್ಬಳು ದಾರಿಯಾದಳು.

ಅವನ ಕೆಲಸ ಇದ್ದದ್ದು ಕೊಡಗಿನಲ್ಲಿ. ಬೆಟ್ಟ ಹತ್ತಲು ಬರುವ ಪೇಟೆ ಜನಕ್ಕೆ ದಾರಿ ತೋರಿಸುವುದು, ಅವರಿಗೆ ಬೇಯಿಸಿ ಹಾಕುವುದು. ಹೆಂಡತಿ ಹೋದಮೇಲೆ, ಮಗಳನ್ನು ಪಿರಿಯಾಪಟ್ಟಣಕ್ಕೆ ಕೊಟ್ಟ ಮೇಲೆ ಊರಿಗೆ ಬರುವುದನ್ನೇ ಬಿಟ್ಟಿದ್ದ. ನಾನೂ ನೆಮ್ಮದಿಯಾಗಿ ಸ್ನಾನ ಮಾಡಿಕೊಂಡಿದ್ದೆ. ಕೊಡಗಿನಲ್ಲಿ ಗುಡ್ಡ ಕುಸಿದ ಮಳೆಗಾಲ ವಾಪಸ್ ಬಂದ. ಅವನಿದ್ದ ಕಡೆ ಮನೆಗಳೇ ಮಣ್ಣೊಳಗೆ ಹೋದವಂತೆ. ಬದುಕಿದವರನ್ನು ಕಾಡಿನೊಳಗೆ ನಡೆಸಿಕೊಂಡು ಈಚೆಗೆ ಕರೆತಂದನಂತೆ. ಅಲ್ಲಿ ಏನು ನೋಡಿದನೋ, ಯಾರನ್ನು ಬಿಟ್ಟುಬಂದನೋ... ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆದರೆ ಬಂದವನಿಗೆ ತೂಕದ ಹುಚ್ಚು ಹಿಡಿದಿತ್ತು.

ಹೊಗೆಸೊಪ್ಪು ತೂಗುವ ಕೊಕ್ಕೆ ತಕ್ಕಡಿಯನ್ನು ಯಾರ ಮನೆಯಿಂದಲೋ ತಂದು ಜಗಲಿಯ ತೊಲೆಗೆ ನೇತುಹಾಕಿದ. ಬೆಟ್ಟಕ್ಕೆ ಬರುವವರು ಕೊಟ್ಟದ್ದು, ತಾನು ಕೊಂಡದ್ದು, ಎಲ್ಲವನ್ನೂ ಅದಕ್ಕೆ ತಗುಲಿಸಿ ನೋಡುವುದೇ ಅವನ ಕಸುಬಾಯಿತು. ಗಾಳಿಗೆ ಹಾರುವಂಥ ಒಂದು ಚೀಲ. ಮುಷ್ಟಿಯೊಳಗೆ ಅಡಗುವ ಒಂದು ಟಾರ್ಪಾಲು. ಬಾತುಕೋಳಿ ಪುಕ್ಕ ತುಂಬಿದ ಹೊದಿಕೆ, ಹಿಂಡಿದರೆ ಚೆಂಬಿನಷ್ಟು. ಮಡಚಿದರೆ ಮೊಳದುದ್ದ ಆಗುವ ಎರಡು ಊರುಗೋಲು. ಜನಿವಾರಕ್ಕಿಂತ ತುಸು ದಪ್ಪದ ಹಗ್ಗ. ಊಟಕ್ಕೆ ಹುರಿಹಿಟ್ಟು, ಬೆಲ್ಲದ ಪುಡಿ. ಎಲ್ಲ ತುಂಬಿ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ಹಾಕಿದ. ನೀರು ಬಂದರೆ, ಬೆಂಕಿ ಬಿದ್ದರೆ, ಅದನ್ನು ಬೆನ್ನಿಗೇರಿಸಿ ನಡೆದುಬಿಡುವುದಂತೆ. ಅದನ್ನೂ ದಿನಾ ಇಳಿಸಿ, ಬಿಚ್ಚಿ, ಒರೆಸಿ, ಮತ್ತೆ ತೂಗುತ್ತಿದ್ದ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಗರಗಸದಲ್ಲಿ ಅರ್ಧಕ್ಕೆ ಕುಯ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

"ಬ್ರಶ್ ಕುಯ್ದ್ರೆ ಹಲ್ಲು ಹಗುರಾಯ್ತವೇನ್ಲಾ?" ಅಂತ ಹಾಲಿನವನು ಕೆಣಕಿದ.

"ನಿಂಗೆ ತಲೆ ಕುಯ್ದ್ರೂ ಹಗುರಾಗಲ್ಲ ಬುಡ್ಲಾ, ಒಳಗೇನೂ ಇಲ್ವಲ್ಲ" ಅಂದ ಇವನು, ತಲೆ ಎತ್ತದೆ.

ಬಾಯಿ ಅಂಥದ್ದು. ಸೌದೆ ಹೊತ್ತು ಬರುವ ಹೆಂಗಸರನ್ನು ಕಂಡರೆ ನಗುವುದು, ಮದುವೆಗೆ ಮೂಟೆ ಕಟ್ಟಿಕೊಂಡು ಹೋಗುವವರನ್ನು ಕಂಡರೆ ಹೊರೆ ಕತ್ತೆಗಳು ಅನ್ನುವುದು. ನನ್ನ ಮನೆಯ ಸಾಮಾನಿನ ಮೇಲಂತೂ ಅವನಿಗೆ ಕಣ್ಣು. ಒಂದು ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು, ನನಗೆ ಕೇಳಲೆಂದೇ ಜೋರಾಗಿ ಅಂದ: "ಪುಟ್ಟಿ, ನಿಮ್ಮಜ್ಜಿ ಮನೇಲಿ ಹಂಡೆ, ಗುಂಡಿ, ಒಳಕಲ್ಲು ಎಲ್ಲಾ ಅವೆ. ನೀರು ಬಂದ ದಿನ ಎಲ್ಲಾ ತಲೆ ಮ್ಯಾಲಿಟ್ಕಂಡು ಓಯ್ತಾಳಾ ಕೇಳು."

ನಾನು ಒಳಗಿಂದಲೇ ಅಂದೆ: "ನಮ್ಮ ಮನೇಗೆ ನೀರು ಯಾವತ್ತೂ ಬಂದಿಲ್ಲ. ಅವನ ಬಾಗ್ಲಿಗೆ ಮಾತ್ರ ಬತ್ತದೆ, ಅದನ್ನೂ ನಾನೇ ಬುಡ್ತೀನಿ ಅಂತ ಹೇಳು ಮಗ."

ಮುಂದಿನ ಮಳೆಗಾಲದಲ್ಲಿ ನೀರು ಬಂದೇಬಂತು.

ನಮ್ಮೂರು ಲಕ್ಷ್ಮಣತೀರ್ಥದ ದಡದಲ್ಲೇ ಇದೆ. ಮನೆಗಳು ತಗ್ಗಿನಲ್ಲಿ, ಹೊಗೆಸೊಪ್ಪಿನ ಹೊಲಗಳು ಹಳ್ಳದಾಚೆ ಎತ್ತರದ ಬೋರೆಯ ಮೇಲೆ. ಸೊಪ್ಪು ಬೇಯಿಸುವ ಬ್ಯಾರನ್ನುಗಳೂ ಅಲ್ಲೇ. ಆಷಾಢ ಕಳೆಯಿತು ಅಂದರೆ ನಮ್ಮೂರಿನ ಗಂಡಸರು ಮನೆಯಲ್ಲಿ ಮಲಗುವುದಿಲ್ಲ. ಸೊಪ್ಪು ಬಣ್ಣಕ್ಕೆ ಬರುವ ಹೊತ್ತಿಗೆ ಬ್ಯಾರನ್ನಿನ ಬೆಂಕಿ ಒಂದು ಗಳಿಗೆ ಆರಿದರೂ ವರ್ಷದ ಬದುಕು ಕಪ್ಪಾಗಿ ಹೋಗುತ್ತದೆ. ಹೀಗಾಗಿ ಹೊಳೆ ತುಂಬುವ ಕಾಲಕ್ಕೇ ಸರಿಯಾಗಿ ಊರಿನ ಗಂಡಸರೆಲ್ಲ ಬೋರೆಯ ಮೇಲೆ ಬೆಂಕಿ ಕಾಯುತ್ತಾ ಕೂತಿರುತ್ತಾರೆ, ಹೆಂಗಸರು ಮಕ್ಕಳು ತಗ್ಗಿನಲ್ಲಿ ಇರುತ್ತಾರೆ. ಇಂಥ ಬುದ್ಧಿವಂತಿಕೆ ನಮ್ಮೂರಿಗೇ ಸರಿ. ಆ ವರ್ಷ ನನ್ನ ಮಗನೂ ಬೋರೆಯ ಮೇಲಿದ್ದ. ಸೊಸೆ ತಮ್ಮನ ಮಗುವಿನ ನಾಮಕರಣ ಅಂತ ಭೇರ್ಯಕ್ಕೆ ಹೋಗಿದ್ದಳು. ಮನೆಯಲ್ಲಿ ನಾನು, ಮೊಮ್ಮಗಳು.

ಅವಳಾಗ ಆರನೇ ಕ್ಲಾಸು. ಬ್ಯಾರನ್ನಿನ ಅಟ್ಟದ ಬಿದಿರ ಗಳು ಹತ್ತಲು ಹೋಗಿ ಬಿದ್ದು ಬಲಗಾಲು ಮುರಿದುಕೊಂಡಿದ್ದಳು. ಮೊಣಕಾಲಿನಿಂದ ಪಾದದವರೆಗೂ ಬಿಳಿ ಹಿಟ್ಟಿನ ಕಟ್ಟು, ಪ್ಲಾಸ್ಟರು. ಹುಣಸೂರಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಕಟ್ಟು ನೆನೆಯಬಾರದು, ಕಾಲು ಊರಬಾರದು. ಕೂಡುತ್ತಿರುವ ಮೂಳೆ ಈಗ ಸರಿದರೆ ಹುಡುಗಿ ಬದುಕಿರುವವರೆಗೂ ಕುಂಟಬೇಕಾಗುತ್ತದೆ.

ಬೆಳಗಿನ ಮುದ್ದೆಗೆ ಎಸರಿಟ್ಟಿದ್ದೆ. ಕೇರಿಯಲ್ಲಿ ಕೂಗಾಟ ಕೇಳಿಸಿತು. ಬಾಗಿಲಿಗೆ ಬಂದರೆ ತಿಪ್ಪೆಗುಂಡಿ ಕಾಣಿಸುತ್ತಿಲ್ಲ, ಬರೀ ಕೆಂಪು ನೀರು. ಜನ ಮಕ್ಕಳನ್ನು ಎತ್ತಿಕೊಂಡು ದನ ಬಿಚ್ಚಿಕೊಂಡು ಹೋಗುತ್ತಿದ್ದರು. ನನ್ನನ್ನೂ ಕರೆದರು. ಕಾಲೂರಲಾರದ ಹುಡುಗಿಯನ್ನು ಬಿಟ್ಟು ಎಲ್ಲಿಗೆ ಹೋಗಲಿ? ಎತ್ತಿಕೊಳ್ಳಲು ನನಗೆ ತ್ರಾಣವಿರಲಿಲ್ಲ. ಮಗ ಟ್ರಾಕ್ಟರ್ ತಂದೇ ತರುತ್ತಾನೆ ಅಂತ ಕಾದೆ. ಕಾಯುತ್ತಾ ಸುಮ್ಮನೆ ಕೂರುವುದು ಯಾಕೆ ಅಂತ ಗಂಟು ಕಟ್ಟಿದೆ. ಎರಡು ರೇಷ್ಮೆ ಸೀರೆ, ಬೆಳ್ಳಿ ಕಾಲುಂಗುರ, ರೇಷನ್ ಕಾರ್ಡು, ದೇವರ ಗಂಟೆ. ಎಲ್ಲವನ್ನೂ ಅತ್ತೆಯ ಕಾಲದ ತಾಮ್ರದ ಬಿಂದಿಗೆಗೆ ತುರುಕಿ ಬಾಯಿಗೆ ಬಟ್ಟೆ ಬಿಗಿದೆ. ಕೇರಿ ಖಾಲಿಯಾಯಿತು. ಟ್ರಾಕ್ಟರ್ ಬರಲಿಲ್ಲ.

ಬಂದವನು ಅವನು. ಚೀಲ ಬೆನ್ನಿಗೇರಿಸಿ ನಮ್ಮ ಹೊಸಲಿನ ಹೊರಗೆ ನಿಂತ. ಕಾಲಿನ ಬೆರಳು ಹೊಸಲಿಗೆ ತಾಗದ ಹಾಗೆ, ಸರಿಯಾಗಿ ಆಚೆಗೆ. ಆ ನೀರಿನಲ್ಲೂ ಆಣೆ ಮರೆತಿರಲಿಲ್ಲ ಬಡ್ಡೀಮಗ. ನಾನೂ ಮರೆತಿರಲಿಲ್ಲ.

"ಪುಟ್ಟಿ, ನಿಮ್ಮಜ್ಜಿಗೆ ಹೇಳು. ಟ್ರಾಕ್ಟರ್ ಬರಲ್ಲ. ದಾರಿ ಮೋರಿ ಮುಳ್ಗೋಗದೆ."

"ಬತ್ತದೆ ಅಂತ ಹೇಳು ಮಗ. ನನ್ ಮಗ ಬುಟ್ಬುಡೋನಲ್ಲ."

"ಅವ್ನು ಬುಡಲ್ಲ, ನೀರು ಬುಡ್ಬೇಕಲ್ಲ ಅಂತ ಹೇಳು."

"ಇಷ್ಟ್ ವರ್ಷ ಬಾಯ್ ಮುಚ್ಕಂಡಿದ್ದೋನು ಇವತ್ತು ಉಪಕಾರಕ್ಕೆ ಬಂದವ್ನಾ ಕೇಳು."

"ನಿಮ್ಮಜ್ಜಿ ಬೇಕಾದ್ರೆ ಇಲ್ಲೇ ಕೂತು ಬಿಂದ್ಗೆ ಕಾಯ್ಲಿ. ನಾ ಬಂದಿರೋದು ನಿಂಗೆ ಕಣವ್ವ."

ಮಂಚದ ಮೇಲಿದ್ದ ಹುಡುಗಿ ಅವನನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಅಳಲು ಶುರುಮಾಡಿದಳು. "ಇಬ್ರಿಗೂ ಕೇಳುಸ್ತಲ್ಲ, ಇನ್ನ ನಾನೇನು ಹೇಳ್ಲಿ?" ಅಂದಳು. ಅಷ್ಟರಲ್ಲಿ ನೀರು ಜಗಲಿಯ ಮೊದಲನೇ ಮೆಟ್ಟಿಲು ನುಂಗಿತ್ತು.

ಅವನು ಬೆನ್ನಿನ ಚೀಲವನ್ನು ಇಳಿಸಿ ತಲೆಕೆಳಗು ಮಾಡಿದ. ಅಷ್ಟು ತೂಗಿ ತೂಗಿ ಜೋಡಿಸಿದ್ದೆಲ್ಲ ಜಗಲಿಯ ಮೇಲೆ ಬಿತ್ತು. ಪುಕ್ಕದ ಹೊದಿಕೆ, ಪುಟಾಣಿ ಒಲೆ, ಹಣೆಗೆ ಕಟ್ಟುವ ಬ್ಯಾಟರಿ, ಕುಯ್ದ ಬ್ರಶ್ಶು. ಟಾರ್ಪಾಲು, ಹಗ್ಗ, ಊರುಗೋಲು ಎತ್ತಿಟ್ಟುಕೊಂಡ. ಹುರಿಹಿಟ್ಟಿನ ಪೊಟ್ಟಣ ಅಂಗಿಯೊಳಗೆ ಹಾಕಿಕೊಂಡ. ಆಮೇಲೆ ಚಾಕು ತೆಗೆದು ಚೀಲದ ತಳದಲ್ಲಿ ಎರಡು ಕಡೆ ದೊಡ್ಡ ತೂತು ಕುಯ್ದ. ಆ ಚೀಲವನ್ನು ಅವನು ಹೆತ್ತ ಕೂಸಿನ ಹಾಗೆ ಒರೆಸಿ ಇಡುತ್ತಿದ್ದ. ಚಾಕು ಎಳೆಯುವಾಗ ನನ್ನ ಕಡೆ ನೋಡಿದ ನೋಟವಿದೆಯಲ್ಲ... ಕುಯ್ಯುತ್ತಿರುವುದು ನನ್ನ ಕುತ್ತಿಗೆಯನ್ನೇ ಅನ್ನುವ ಹಾಗಿತ್ತು.

"ಆ ಈರುಳ್ಳಿ ಸಿಪ್ಪೇಲಿ ನನ್ ಮಗೂನ ಕೂರುಸ್ತಾನಾ? ಕಿತ್ತೋದ್ರೆ?" ಅಂತ ಗೋಡೆಗೆ ಕೇಳಿದೆ. ಅವನು ಹಗ್ಗವನ್ನು ಚೀಲದ ಅಡಿಯಿಂದ ಸುತ್ತಿ ತನ್ನ ಹೆಗಲಿಗೆ ಹಾಕಿ ಬಿಗಿದು, ಹೊಸಲಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತ. ಮಂಚದಿಂದ ಹೊಸಲಿನವರೆಗೆ ಹುಡುಗಿಯನ್ನು ಎಳೆದುಕೊಂಡು ಬಂದವಳು ನಾನು. ಕಟ್ಟಿಗೆ ಆ ಟಾರ್ಪಾಲನ್ನು ಸುತ್ತಿ ಸುತ್ತಿ ಬಿಗಿದವಳೂ ನಾನು. ಒಂದು ಊರುಗೋಲನ್ನು ಕಾಲಿನ ಉದ್ದಕ್ಕೆ ಆನಿಸಿ ಕಟ್ಟಿದ್ದು ಅವನು, ಹಿಂದೆ ತಿರುಗದೆ, ಬರೀ ಕೈ ಚಾಚಿ. ಒಬ್ಬರ ಕೈ ಒಬ್ಬರಿಗೆ ತಾಗಲಿಲ್ಲ. ಅವನ ಬೆನ್ನಿನಲ್ಲಿ ಹುಡುಗಿ ಕೂತಳು. ಕಾಲುಗಳು ಎರಡು ತೂತಿನಿಂದ ಮುಂದಕ್ಕೆ ಬಂದವು. ಎದ್ದು ನಿಂತ.

"ನಿಮ್ಮಜ್ಜಿಗೆ ಹೇಳು, ಬಿಂದ್ಗೆ ಇಲ್ಲೇ ಬುಡ್ಲಿ."

ನಾನು ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೆ. ಅವನು ಹೇಳಿದ್ದಕ್ಕೇ ಏರಿಸಿಕೊಂಡೆ.

ದೊಡ್ಡ ದಾರಿ ಬಿಟ್ಟು ಬದುವಿನ ಮೇಲೆ ಕರೆದುಕೊಂಡು ಹೋದ. ಒಂದು ಊರುಗೋಲಿನಿಂದ ನೀರಿನೊಳಗೆ ತಡವಿ, ನೆಲ ಗಟ್ಟಿ ಅನ್ನಿಸಿದ ಮೇಲೆ ಹೆಜ್ಜೆ. ನೀರು ತೊಡೆಯವರೆಗೂ ಇತ್ತು, ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. "ನಾ ಕಾಲಿಟ್ಟ ಕಡೇನೇ ಇಡಾಕೆ ಹೇಳು" ಅಂತ ಹಿಂದೆ ತಿರುಗದೆ ಕೂಗಿದ. ಹುಡುಗಿ ಅವನ ಭುಜದ ಮೇಲಿಂದ ತಿರುಗಿ "ಅಜ್ಜೀ, ಚಿಕ್ತಾತ ಕಾಲಿಟ್ಟ ಕಡೇನೇ ಇಡ್ಬೇಕಂತೆ" ಅಂದಳು. ನಲವತ್ತು ವರ್ಷದಿಂದ ಆ ಬದುವಿನ ಮೇಲೆ ಬುತ್ತಿ ಹೊತ್ತವಳಿಗೆ ದಾರಿ ಹೇಳಿಕೊಡಲು ಬಂದ! ನಾನು ಪಕ್ಕಕ್ಕೆ ಕಾಲಿಟ್ಟೆ. ಬದು ಅಲ್ಲಿ ಕಿತ್ತುಹೋಗಿತ್ತು. ಸೊಂಟದವರೆಗೆ ಇಳಿದೆ, ಎದೆಯವರೆಗೆ ಇಳಿದೆ. ಬಿಂದಿಗೆ ನೀರು ಕುಡಿದು ಕೆಳಕ್ಕೆ ಜಗ್ಗತೊಡಗಿತು.

ಅವನು ಊರುಗೋಲು ಚಾಚಿದ. ಹಿಡಿಯಬೇಕಾದರೆ ಬಿಂದಿಗೆ ಬಿಡಬೇಕು. ನಾನು ಬಿಡಲಿಲ್ಲ. ಆಗ ಆ ಪಾಪಿ ಏನು ಮಾಡಿದ ಗೊತ್ತೇ? ಕೋಲಿನ ತುದಿಯಿಂದ ಬಿಂದಿಗೆಯ ಕಂಠಕ್ಕೆ ಒಂದು ಕುಕ್ಕು ಕುಕ್ಕಿದ. ಕೈ ಜಾರಿತು. ಅತ್ತೆಯ ಬಿಂದಿಗೆ ಒಂದು ಸುತ್ತು ತಿರುಗಿ, ಗಳಗಳ ಅಂತ ಸದ್ದು ಮಾಡಿ, ಮುಳುಗಿಹೋಯಿತು.

"ನಿನ್ ಕೈ ಸೇದೋಗ! ನಿನ್ ವಂಶ ನಿಲ್ದಂಗಾಗ!" ಅಂತ ಅರಚಿದೆ. ಇದು ಮಾತಾಡಿದ ಹಾಗಾಯಿತೇ ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಇಲ್ಲ. ನಾನು ಬೈದದ್ದು ಹೊಳೆಯನ್ನು ನೋಡಿಕೊಂಡು. ಅವನೂ ಹೊಳೆಯನ್ನೇ ನೋಡಿಕೊಂಡು, "ಪುಟ್ಟಿ, ಈಗ್ಲಾದ್ರೂ ಎರಡು ಕೈ ಖಾಲಿ ಆದ್ವಲ್ಲ, ಕೋಲು ಹಿಡ್ಕಳಾಕೆ ಹೇಳು" ಅಂದ. ಹಿಡಿದುಕೊಂಡೆ. ಮೇಲೆ ಬಂದೆ. ಅಲ್ಲಿಂದ ಮುಂದೆ ಅವನು ಇಟ್ಟ ಕಡೆಯೇ ಕಾಲಿಟ್ಟೆ, ಪ್ರತಿ ಹೆಜ್ಜೆಗೂ ಅವನಿಗೆ ಶಾಪ ಹಾಕುತ್ತಾ.

ಹಳ್ಳದ ಹತ್ತಿರ ಬಂದೆವು. ಬೇಸಿಗೆಯಲ್ಲಿ ಮೇಕೆ ದಾಟುವ ಹಳ್ಳ, ಅವತ್ತು ಕೊರಡು ಮುಳ್ಳು ಎಲ್ಲ ಹೊತ್ತುಕೊಂಡು ಓಡುತ್ತಿತ್ತು. ಆಚೆ ದಡದಲ್ಲಿ ಬೋರೆ, ಬೋರೆಯ ಮೇಲೆ ಸ್ಕೂಲು ಕಾಣಿಸುತ್ತಿತ್ತು. ಅವನು ಹುಡುಗಿಯನ್ನು ಹೊಂಗೆ ಮರದ ಕವಲಿನಲ್ಲಿ ಕೂರಿಸಿ, ಚೀಲಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ, ಅದರ ಒಂದು ತುದಿಯನ್ನು ಅದೇ ಮರಕ್ಕೆ ಬಿಗಿದು, ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿಕೊಂಡು ಒಬ್ಬನೇ ಇಳಿದ. ಓರೆಯಾಗಿ, ನೀರಿನ ಜೊತೆ ಜಗಳವಾಡದೆ, ಆಚೆ ಹತ್ತಿದ. ಹಗ್ಗ ಕಟ್ಟಿದ. ಅಲ್ಲೇ ಉಳಿದುಬಿಟ್ಟಿದ್ದರೆ ಅವನು ಪಾರಾದಂತೆಯೇ, ನನ್ನ ಕಾಟವೂ ತಪ್ಪುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಮತ್ತೆ ನೀರಿಗಿಳಿದು ಈಚೆಗೆ ಬಂದ.

ಹುಡುಗಿಯನ್ನು ಹೊತ್ತುಕೊಂಡು ಅವನು ಮುಂದೆ, ಹಗ್ಗ ಹಿಡಿದು ನಾನು ಹಿಂದೆ. ನಡುವೆ ಬಂದಾಗ ಒಂದು ತೆಂಗಿನ ಕೊರಡು ತೇಲಿಬಂದು ಅವನ ಮೊಣಕಾಲಿಗೆ ಬಡಿಯಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ... ಕುತ್ತಿಗೆಯವರೆಗೂ ಕುಸಿದ. ಕುಸಿಯುತ್ತಲೇ ಎರಡೂ ಕೈಯಲ್ಲಿ ಹುಡುಗಿಯ ಕಟ್ಟಿನ ಕಾಲನ್ನು ಹಿಡಿದು ನೀರಿನಿಂದ ಮೇಲೆ ಎತ್ತಿದ. ಅಂದರೆ ಹಗ್ಗ ಬಿಟ್ಟಿದ್ದ! ಕಾಲು ನೆನೆಯಬಾರದು ಅಂತ ಕೈ ಬಿಟ್ಟಿದ್ದ! ನಾನು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಚೀಲದ ಪಟ್ಟಿಗೆ ಕೈ ಹಾಕಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದೆ. ಆ ಈರುಳ್ಳಿ ಸಿಪ್ಪೆ ಕಿತ್ತುಬರಲಿಲ್ಲ. ಅವನು ಎದ್ದ. ದಡ ಸಿಕ್ಕಿತು.

ಬೋರೆಯ ಮೇಲಿಂದ ನನ್ನ ಮಗ ಮೈಯೆಲ್ಲ ಬೂದಿ ಮಾಡಿಕೊಂಡು ಓಡಿಬರುತ್ತಿದ್ದ. ಬಂದವನು ಮಗಳನ್ನು ತಬ್ಬಿಕೊಂಡು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟ. ಸ್ಕೂಲಿನ ಜಗಲಿಯಲ್ಲಿ ಟಾರ್ಪಾಲು ಬಿಚ್ಚಿ ನೋಡಿದೆವು. ಕಟ್ಟು ಒಣಗಿದ್ದು ಒಣಗಿದ ಹಾಗೇ ಇತ್ತು. ಬೆಳ್ಳಗೆ, ಆಗತಾನೇ ಹಾಕಿದ ಹಾಗೆ. ಅವನು ದೂರದ ಕಂಬಕ್ಕೆ ಒರಗಿ ಕೂತು ಹುರಿಹಿಟ್ಟು ಕಲಸಿ ಹುಡುಗಿಗೆ ಕಳಿಸಿದ. "ತಿನ್ನವ್ವ. ಮಿಕ್ರೆ ಯಾರ್ಗಾದ್ರೂ ಕೊಡು" ಅಂದ. ಮಿಕ್ಕಿದ್ದನ್ನು ನಾನು ತಿಂದೆ. ಅದು ಮೊಮ್ಮಗಳ ಎಂಜಲು, ಅವನ ಮನೆಯ ಅನ್ನವಲ್ಲ.

ಇಷ್ಟಾದ ಮೇಲಾದರೂ ಮಾತಾಡಿ ಅಂತ ಊರವರೆಲ್ಲ ಹೇಳಿದರು. ಯಾಕೆ ಮಾತಾಡಬೇಕು? ಅವನು, ಪುಕ್ಕದ ಹೊದಿಕೆ ಹೊಳೆ ಪಾಲಾಯಿತು, ಆ ಮುದುಕಿಯ ಹಟಕ್ಕೆ ಅರ್ಧ ಗಂಟೆ ತಡವಾಯಿತು ಅಂತ ಟೀ ಅಂಗಡಿಯಲ್ಲಿ ಸಾರುತ್ತಿದ್ದ. ನಾನು, ನನ್ನ ಅತ್ತೆಯ ಬಿಂದಿಗೆಯನ್ನು ಕೋಲಿನಲ್ಲಿ ಕುಕ್ಕಿ ಮುಳುಗಿಸಿದ ಅಂತ ನಲ್ಲಿಯ ಹತ್ತಿರ ಸಾರುತ್ತಿದ್ದೆ. ನೀರು ಇಳಿದಾಗ ನಡುಮನೆಯ ಮಣ್ಣು ಗೋಡೆ ಕರಗಿಹೋಗಿತ್ತು. ಅವನು ಒಬ್ಬನೇ ಕೂತು ಅನ್ನ ಬಸಿಯುವುದು ನನಗೆ ಕಾಣುತ್ತಿತ್ತು, ನಾನು ಮುದ್ದೆ ತೊಳಸುವುದು ಅವನಿಗೆ ಕಾಣುತ್ತಿತ್ತು. ಅಂಥ ಹಿಂಸೆ ಇನ್ನೊಂದಿಲ್ಲ. ಅವನು ಆ ಕಡೆಯಿಂದ ಇಟ್ಟಿಗೆ ಜೋಡಿಸಿದ, ನನ್ನ ಮಗ ಈ ಕಡೆಯಿಂದ. ಮೊದಲಿಗಿಂತ ಎತ್ತರದ ಗೋಡೆ.

ಅವನ ಮೊಣಕಾಲು ಮಾತ್ರ ಸರಿಹೋಗಲಿಲ್ಲ. ಡಾಕ್ಟರು ಹೇಳಿದ ಕುಂಟು ನಮ್ಮ ಹುಡುಗಿಗೆ ಬರಲಿಲ್ಲ, ಅವನಿಗೆ ಬಂತು. ಬೆಟ್ಟ ಬಿಟ್ಟ, ತಕ್ಕಡಿ ವಾಪಸ್ ಕೊಟ್ಟ. ಕಟ್ಟು ಬಿಚ್ಚಿದ ಮೇಲೆ ಹುಡುಗಿಯನ್ನು ಕೇರಿಯಲ್ಲಿ ನಡೆಸುವುದೇ ಅವನ ಕೆಲಸವಾಯಿತು. ಆಮೇಲೆ ಓಡಿಸುವುದು. ತಾನು ಕಲ್ಲಿನ ಮೇಲೆ ಕೂತು ಬೈಯುವುದು: "ನಿಮ್ಮಜ್ಜಿ ಅಂಗೆ ಧಬ್ ಧಬ್ ಅಂತ ಕಾಲಾಕ್ಬ್ಯಾಡ! ನೆಲ ಏನ್ ಮಾಡ್ತು ನಿಂಗೆ?" ಅದು ನನಗೆ ಕೇಳಲಿ ಅಂತಲೇ. ನಾನು ಬಚ್ಚಲಿಗೆ ಹೋಗಿ ಬಿಂದಿಗೆ ನೀರು ಸುರಿದು ಬರುತ್ತಿದ್ದೆ. ಹೀಗೇ ಎಷ್ಟೋ ವರ್ಷ ನಡೆಯಿತು...

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಹೋಗಿಬಿಟ್ಟ. ಮಲಗಿದ್ದವನು ಏಳಲಿಲ್ಲ. ಬೆಳಗ್ಗೆ ಓಟಕ್ಕೆ ಕರೆಯಲು ಹೋದ ಹುಡುಗಿ ಅಳುತ್ತಾ ಬಂದಳು. ಬದುಕಿದ್ದಾಗ ಮಾತು ಬಿಟ್ಟರೂ ದಾಯಾದಿ ಸತ್ತರೆ ಸೂತಕ ಬಿಡುವ ಹಾಗಿಲ್ಲ. ನಮ್ಮ ಮನೆಯ ಒಲೆಯೂ ಆರಿತು. ಆಣೆ ಹೆಣಕ್ಕೆ ಅಂಟುವುದಿಲ್ಲ ಅಂತ ಹಿರಿಯರು ಹೇಳಿದರು. ಅವನ ಹೊಸಲು ದಾಟಿದೆ. ಗೋಡೆಯಿಂದ ಆಚೆಗೆ, ನಾನು ಸೊಸೆಯಾಗಿ ಬಂದಾಗ ಅಕ್ಕಿ ಒದ್ದು ಒಳಗೆ ಬಂದಿದ್ದ ಜಾಗ ಅದು. ಅವನನ್ನು ಅಲ್ಲೇ ಮಲಗಿಸಿದ್ದರು. ನಾನು ಏನೋ ಹೇಳುತ್ತೇನೆ ಅಂತ ಜನ ಕಾದರು. ನನಗೆ ಅಳುವೂ ಬರಲಿಲ್ಲ, ಒಳ್ಳೆಯ ಮಾತೂ ಬರಲಿಲ್ಲ. "ಇನ್ಮೇಲೆ ನೀರು ನಿನ್ ಬಾಗ್ಲಿಗೆ ಬರ್ದಂಗೆ ನೋಡ್ಕತೀನಿ ಕಣಪ್ಪ" ಅಂದೆ. ಅಷ್ಟೇ. ತಿಥಿ ಮುಗಿದ ಮೇಲೆ ಮಗನಿಗೆ ಹೇಳಿ ಬಚ್ಚಲ ನೀರನ್ನು ಹಿತ್ತಲಿಗೆ ತಿರುಗಿಸಿದೆ. ಈಗ ಆ ಮನೆಗೆ ಬೀಗ ಹಾಕಿದೆ. ಪಿರಿಯಾಪಟ್ಟಣದಿಂದ ಅವನ ಮಗಳು ಆಗೊಮ್ಮೆ ಈಗೊಮ್ಮೆ ಬಂದು ಕಸ ಗುಡಿಸಿ ಹೋಗುತ್ತಾಳೆ.

ನೆನ್ನೆ ಚೀಲ ಕೊಂಡು ಹುಣಸೂರಿನಿಂದ ಬರುವ ಹೊತ್ತಿಗೆ ಸಂಜೆಯಾಗಿತ್ತು. ಮಗ ನಾಟಿ ಕೋಳಿ ಕುಯ್ದಿದ್ದ, ಸೊಸೆ ಮಸಾಲೆ ರುಬ್ಬಿ ಸಾರಿಗಿಟ್ಟಿದ್ದಳು. ಮುದ್ದೆ ನಾನೇ ಕಟ್ಟಿದೆ. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. "ಇನ್ ಮ್ಯಾಲೆ ಕಾಡಾನೆಗೆಲ್ಲ ನನ್ ಮಗಳೇ ಸಾಹೇಬ್ರು" ಅಂತ ಮಗ ಅಂದ, ಸೊಸೆ ನಕ್ಕು ನಕ್ಕು ಸಾರು ಚೆಲ್ಲಿದಳು. ಹುಡುಗಿ ಎರಡು ಕಾಲನ್ನೂ ಮಡಚಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಯಾವ ಕಾಲು ಮುರಿದಿತ್ತು ಅಂತ ಗೊತ್ತಿಲ್ಲದವರಿಗೆ ಹೇಳಲೂ ಆಗುವುದಿಲ್ಲ. ನನಗೆ ಹೊಟ್ಟೆ ತುಂಬಿ, ಕಣ್ಣು ತುಂಬಿ, ಕೂರಲೂ ಆಗುತ್ತಿರಲಿಲ್ಲ.

ಅವನು ಇದ್ದಿದ್ದರೆ ಊಟಕ್ಕೆ ಕರೆಯುತ್ತಿದ್ದೆನೇ? ಇಲ್ಲ. ಕರೆದರೂ ಬರುತ್ತಿದ್ದನೇ? ಅದೂ ಇಲ್ಲ. ಆದರೆ ಇಡೀ ದಿನ ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ, ಎಲ್ಲರೂ ಸಂತೋಷ ಕಣಜ್ಜಿ ಅಂದರು, ಒಳ್ಳೇದಾಗ್ಲಿ ಅಂದರು. ಮುಖ ಸಿಂಡರಿಸಿಕೊಂಡು, ಓಡೋದು ಕಲಿಸಿದ್ದು ನಾನು, ಅಜ್ಜಿ ಯಾಕೆ ಕುಣೀತಾವ್ಳೆ ಅನ್ನುವ ಒಬ್ಬ ಬೇಕಿತ್ತು. ಅದಕ್ಕೆ ಕೊಡಬೇಕಾದ ಉತ್ತರ ಬೆಳಗ್ಗೆಯಿಂದಲೂ ನನ್ನ ಬಾಯಲ್ಲಿ ತಯಾರಾಗಿತ್ತು. ಒಳ್ಳೆ ಖಾರವಾದ ಉತ್ತರ. ಅದನ್ನು ಕೇಳುವವನು ಇನ್ನು ಎಲ್ಲಿದ್ದಾನೆ...

"ತಿನ್ನಜ್ಜಿ, ಮುದ್ದೆ ಆರೋಯ್ತದೆ" ಅಂದಳು ಹುಡುಗಿ.

ಮುರಿದು, ಸಾರಿಗೆ ಅದ್ದಿ, ಎಲ್ಲರ ಜೊತೆ ನುಂಗಿದೆ.